ಅಡಿಗಲ್ಲಿನ ಬೆನ್ನು

"ಯಾರು ಒಡದಾರ ಅನ್ನೂದು ನನಗ ಬ್ಯಾಡ್ರಿ ಬಾಯಾರ. ನನ್ನ ಮಗ ಒಡದಿಲ್ಲ ಅಂತ ಪೊಲೀಸರಿಗೆ ಒಂದ ಮಾತು ಹೇಳ್ರಿ. ಅಷ್ಟ ಸಾಕು."

ಬಾಗಲಕೋಟೆಯ ನವನಗರದ ಆ ಮನೆಯ ಪಡಸಾಲೆಯಲ್ಲಿ ಕುಳಿತು ಸಕ್ರವ್ವ ಹೀಗೆ ಅಂದಾಗ ಅಮೀನಸಾಬ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದ. ಜಯಶ್ರೀಬಾಯಿ ಇನ್‌ಸ್ಪೆಕ್ಟರ್ ಆಗಿದ್ದಾಗ ಅವರ ಜೀಪು ಓಡಿಸಿದವನು ಅವನು. ಬಾಯಿ ನಿವೃತ್ತರಾದರು, ಅವನೂ ಆದ, ಆದರೆ ಜನ ತಮ್ಮ ಕಳವು, ಕೊಲೆ, ಕಾಣೆಯಾದ ಎಮ್ಮೆಗಳ ದುಃಖ ಹೊತ್ತು ಈ ಮನೆಗೆ ಬರುವುದು ಮಾತ್ರ ನಿಲ್ಲಲಿಲ್ಲ. ಹಾಗಾಗಿ ಅವನ ಹಳೆಯ ಕಾರಿಗೂ ಪುರುಸೊತ್ತು ಸಿಕ್ಕಿರಲಿಲ್ಲ.

ಸಕ್ರವ್ವನ ಊರು ಇಳಕಲ್ಲಿನಾಚೆಯ ಕೆಂಪಮಟ್ಟಿ. ಕೆಂಪು ಕಲ್ಲಿನ ಕಣಿಗಳಲ್ಲಿ ಕಲ್ಲು ಒಡೆದೇ ಮಕ್ಕಳನ್ನು ಸಾಕಿದ ಹೆಂಗಸು. ಆ ಊರಿಗೆ ಶಾಸಕರು ಹೆರಿಗೆ ದವಾಖಾನೆ ಮಂಜೂರು ಮಾಡಿಸಿದ್ದರು. ಅಡಿಗಲ್ಲು ಕೆತ್ತಿಸಿ ತಂದು ಕಟ್ಟೆಗೆ ಒರಗಿಸಿ ಇಟ್ಟಿದ್ದರು. ನಿನ್ನೆ ಬೆಳಗ್ಗೆ ನೋಡಿದರೆ ಅದು ಎರಡು ಹೋಳಾಗಿ ಬಿದ್ದಿತ್ತು. ಹೋದ ವರ್ಷದ ಸಭೆಯಲ್ಲಿ ಶಾಸಕರಿಗೆ ಎದುರು ಮಾತಾಡಿದವನೆಂದು ಪೊಲೀಸರು ಸಕ್ರವ್ವನ ಮಗ ಯುವರಾಜನನ್ನು ಎಳೆದೊಯ್ದಿದ್ದರು.

"ಅಂವಾ ಏನಂತಾನ?" ಬಾಯಿ ಕೇಳಿದರು.

"ಹೌದಂತೂ ಅನವಲ್ಲ, ಅಲ್ಲಂತೂ ಅನವಲ್ಲ. ಸುಮ್ಮ ಕುಂತಾನ್ರಿ. ಲೈನ್‌ಮನ್ ನೌಕರಿ ಆಗೈತಿ ಅವಂಗ. ಸಂಜಿಗೆ ಕೇಸ್ ಹಾಕಿದ್ರ ನೌಕರಿ ಹೋತು."

"ಮತ್ತ ದವಾಖಾನಿ?"

"ಅದು ಆಗೇ ಆಗ್ತೈತ್ರಿ!" ಸಕ್ರವ್ವ ತಟ್ಟನೆ ಅಂದಳು. "ಹೊಸಾ ಕಲ್ಲು ತರಾಕ ಹೇಳ್ಯಾರ. ಇವತ್ತ ಸಂಜಿಗೆ ಶಾಸಕರು ಬಂದು ಹಾಕ್ತಾರ. ನನ್ನ ಸೊಸಿಗೆ ದಿನಾ ತುಂಬಾಕ ಬಂದಾವು."

ಆ ಕೊನೆಯ ಮಾತಿನಲ್ಲಿ ಅವಳ ಜೀವವೆಲ್ಲ ಇತ್ತು. ಅದು ಏಕೆಂದು ದಾರಿಯಲ್ಲಿ ಅಮೀನಸಾಬನಿಗೆ ತಿಳಿಯಿತು. ಸಕ್ರವ್ವನಿಗೆ ಒಬ್ಬ ಮಗಳಿದ್ದಳು. ಗುಡಿಸಲಿಗೆ ಸರಕಾರದ ಪುಕ್ಕಟೆ ಬಲ್ಬು ಬಂದ ದಿನ ಹುಟ್ಟಿದಳೆಂದು ಆ ಯೋಜನೆಯ ಹೆಸರನ್ನೇ, ಭಾಗ್ಯಜ್ಯೋತಿ ಎಂದು, ಇಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳಿಗೆ ಬಿಪಿ ಏರಿದ್ದು ಯಾರಿಗೂ ಗೊತ್ತಾಗಲಿಲ್ಲ. ಊರಲ್ಲಿ ಒಬ್ಬ ನರ್ಸ್ ಇದ್ದಿದ್ದರೆ ಸಾಕಿತ್ತು. ಹುನಗುಂದದಲ್ಲಿ ಬಾಗಲಕೋಟೆಗೆ ಒಯ್ಯಿರಿ ಅಂದರು, ಬಾಗಲಕೋಟೆ ಬರುವ ಮೊದಲೇ ತಾಯಿ, ಕೂಸು ಇಬ್ಬರೂ ಹೋದರು. ಅಮೀನಸಾಬ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುವ ಧೈರ್ಯ ಮಾಡಲಿಲ್ಲ.

ಊರ ಹತ್ತಿರ ಒಂದು ಆಟೋ ಮೈಕು ಕಟ್ಟಿಕೊಂಡು ಎದುರು ಬಂತು. ಶಾಸಕರದೇ ದನಿ. ಮೂರು ದಿನದಿಂದ ಇದೇ ಊದುತ್ತಿದೆಯಂತೆ. ರಾಮಥಾಳದ ಏತ ನೀರಾವರಿಗೆ ಇಷ್ಟು ತಂದೆ, ಇಳಕಲ್ಲಿನ ನೇಕಾರರಿಗೆ ಅಷ್ಟು ತಂದೆ, ಎಂದೆಲ್ಲ ಹೇಳಿ ಆಮೇಲೆ, "ಈ ಅಧಿವೇಶನದಾಗ ಹೊಸಾ ಕಾಯ್ದೆ ಪಾಸ್ ಮಾಡೇವಿ. ಒಂದ ಊರಿಗೆ ಒಂದ ಕೆಲಸಕ್ಕ ಎರಡ ಸಲ ಅನುದಾನ ಇಲ್ಲ. ಅಧಿಕಾರಿಗಳು ಅಡಿಗಲ್ಲಿನಿಂದ ಹಿಡದು ಹಿಂದ ಮುಂದ ಎಲ್ಲಾ ಫೋಟೋ ತಗೀತಾರ. ಕಳ್ಳರ ಆಟ ಇನ್ನ ನಡಿಯೂದಿಲ್ಲ!"

"ಆ ಗ್ಲಾಸ್ ಏರಸ್ರಿ, ಧೂಳ ಬರ್ತೈತಿ," ಅಂದಳು ಸಕ್ರವ್ವ.

ಮಳೆ ಬಿದ್ದು ರಸ್ತೆ ಹಸಿಯಾಗಿತ್ತು. ಧೂಳೆಲ್ಲಿ ಬಂತೋ ಎಂದು ಗೊಣಗುತ್ತ ಅಮೀನಸಾಬ ಗ್ಲಾಸು ಏರಿಸಿದ. ಬಾಯಿ ಕಿಟಕಿಯಾಚೆ ನೋಡುತ್ತಿದ್ದರು.

ಕಟ್ಟೆಯ ಬಳಿ ಪಂಚಾಯ್ತಿ ಅಧ್ಯಕ್ಷ ನೀಲಪ್ಪ ಕಾಯುತ್ತಿದ್ದ. ಕಲ್ಲಿನ ಎರಡು ಹೋಳುಗಳನ್ನು ಬಿದ್ದಲ್ಲೇ ಬಿಟ್ಟಿದ್ದರು, ಅಕ್ಷರದ ಮುಖ ನೆಲಕ್ಕೆ. ಬಾಯಿ ಅಮೀನಸಾಬನ ಕೈಯಲ್ಲಿ ಒಂದು ಹೋಳು ಎತ್ತಿಸಿದರು. ಶಾಸಕರ ಹೆಸರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಬೆನ್ನು ಮಾತ್ರ ಜಜ್ಜಿ ಹೋಗಿತ್ತು. ಏಟುಗಳು ಅಡ್ಡಾದಿಡ್ಡಿ ಬಿದ್ದಿರಲಿಲ್ಲ, ರಂಟೆ ಹೊಡೆದ ಹೊಲದಂತೆ ಸಾಲಾಗಿದ್ದವು. ಕಲ್ಲಿನ ಅಡಿಗೆ ಸಿಕ್ಕಿ ಹರಿದ ಬಟ್ಟೆಯ ಮುಕ್ಕೋನದ ತುಂಡೊಂದು ಇತ್ತು, ಹಳದಿ ಬಟ್ಟೆ, ಸುತ್ತ ಕೆಂಪು ದಾರದ ಹೊಲಿಗೆ. ಬಾಯಿ ಅದನ್ನೂ ಒಂದು ಮುಷ್ಟಿ ಕಲ್ಲಿನ ಚಕ್ಕೆಗಳನ್ನೂ ಕರವಸ್ತ್ರದಲ್ಲಿ ಕಟ್ಟಿದರು.

"ಕಲ್ಲು ಎಲ್ಲಿಂದ ತಂದಿದ್ರಿ?"

ನೀಲಪ್ಪ ಹಲ್ಲು ಕಿರಿದ. "ಕಲ್ಲಿನ ಸೀಮ್ಯಾಗಿದ್ದು ಕಲ್ಲ ಕೊಂಡ ತರೂದೇನ್ರಿ? ಊರಾಗ ಒಂದ ಬಿದ್ದಿತ್ತು, ಅದನ್ನ ಇಳಕಲ್ಲಿಗೆ ಕಳಿಸಿದ್ವಿ."

ಕೆತ್ತಿದ ಗೌಸಸಾಬ ಹೊಸ ಕಲ್ಲು ಇಳಿಸುತ್ತ ಅಲ್ಲೇ ಇದ್ದ. "ಪಾಲೀಶ್ ಮಾಡೂ ಜರೂರತ್ತ ಬೀಳ್ಲಿಲ್ರಿ," ಅಂದ. "ಒಂದ ಬಾಜೂ ಬೆಣ್ಣಿ ಹಂಗ ನುಣುಪಾಗಿತ್ತು. ಅದರ ಮ್ಯಾಲ ಕೆತ್ತಿದೆ. ಇನ್ನೊಂದ ಬಾಜೂ ಮಣ್ಣ ಮೆತ್ತಿತ್ತು, ನಾ ತೊಳೀಲಿಲ್ಲ."

ಬಾಯಿ ನೆಟ್ಟಗೆ ಊರ ಬಾವಿಗೆ ನಡೆದರು. ಹೆಂಗಸರು ಬಾವಿಯ ಮೆಟ್ಟಿಲ ಮೇಲೆ ಬಗ್ಗಿ ಕಷ್ಟಪಟ್ಟು ಬಟ್ಟೆ ಒಗೆಯುತ್ತಿದ್ದರು. ಪಕ್ಕದಲ್ಲಿ ಚೌಕಾಕಾರದ ಒಂದು ಜಾಗದಲ್ಲಿ ಮಾತ್ರ ಹುಲ್ಲಿರಲಿಲ್ಲ, ಸುತ್ತಲಿನ ಮಣ್ಣಿಗೆ ಸೋಪು ಕುಡಿದ ಬಿಳುಪಿತ್ತು. ಸಕ್ರವ್ವ ಹಿಂದೆಯೇ ಬಂದಿದ್ದಳು. ಬಾಯಿ ಅವಳನ್ನು ಬೇವಿನ ಮರದ ಕೆಳಗೆ ಕರೆದು ಏನೋ ಕೇಳಿದರು. ಅಮೀನಸಾಬನಿಗೆ ಕೇಳಿಸಲಿಲ್ಲ. ಸಕ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಕಂಡಿತು, ಬಾಯಿಯವರ ಮುಖ ಕಪ್ಪಿಟ್ಟದ್ದು ಕಂಡಿತು. ಜೀಪಿನ ಕಾಲದಿಂದ ಆ ಮುಖ ಬಲ್ಲ ಅವನಿಗೆ ಕೇಸು ಒಡೆಯಿತೆಂದು ಗೊತ್ತಾಯಿತು. ಕೇಸು ಒಡೆದಾಗ ಯಾವಾಗಲೂ ಆಗುವ ಖುಷಿ ಮಾತ್ರ ಆಗಲಿಲ್ಲ.

ಸಂಜೆ ಶಾಮಿಯಾನದಲ್ಲಿ ಊರೇ ಸೇರಿತು. ಶಾಸಕರು ಅನುದಾನದ ವರದಿ ಓದುತ್ತಿದ್ದರು. ಠಾಣೆಯ ಫೌಜದಾರರು ಯುವರಾಜನನ್ನು ಒಂದು ಮೂಲೆಯಲ್ಲಿ ನಿಲ್ಲಿಸಿದ್ದರು. ಅವನ ಹೆಂಡತಿ ಕಸ್ತೂರಿ ತುಂಬಿದ ಹೊಟ್ಟೆ ಹೊತ್ತು ಮುಂದಿನ ಸಾಲಿನಲ್ಲಿದ್ದಳು. ಬಾಯಿ ಅಪ್ಪಣೆ ಕೇಳಿ ಎದ್ದು ನಿಂತರು.

"ಈ ಹುಡುಗ ಒಡದಿಲ್ಲ," ಅಂದರು. "ಶಾಸಕರ ಮ್ಯಾಲಿನ ಸಿಟ್ಟಿಗೆ ಒಡದವ ಇದ್ರ ಶಾಸಕರ ಹೆಸರಿಗೆ ಹೊಡೀತಿದ್ದ. ಆ ಬಾಜೂ ಒಂದ ಏಟೂ ಇಲ್ಲ. ಎಲ್ಲಾ ಏಟು ಬೆನ್ನಿಗೆ."

"ಬಿದ್ದಾಗ ಬೆನ್ನ ಮ್ಯಾಲಾಗಿರಬೇಕು," ಫೌಜದಾರರು ಅಂದರು.

"ಬಿದ್ದಿಲ್ಲ, ಮಲಗಿಸ್ಯಾರ. ಹೆಸರಿಗೆ ಪೆಟ್ಟ ಆಗಬಾರದಂತ ಕೆಳಗ ಕೌದಿ ಹಾಸಿ ಮಲಗಿಸ್ಯಾರ. ಅದರ ಮೂಲಿಯ ಚೂರು ಕಲ್ಲಿನ ಅಡಿಗೆ ಸಿಕ್ಕಿತ್ತು." ಬಾಯಿ ಹಳದಿ ಮುಕ್ಕೋನ ಎತ್ತಿ ತೋರಿಸಿದರು. "ಅಂದ್ರ ಇದನ್ನ ಮಾಡಿದವರಿಗೆ ಈ ದವಾಖಾನಿ ಬ್ಯಾಡಾಗಿರಲಿಲ್ಲ. ಎಲ್ಲಾರಕಿಂತ ಜಾಸ್ತಿ ಬೇಕಾಗಿತ್ತು. ಅವರು ಕಲ್ಲು ಒಡಿಯಾಕ ಬಂದಿರಲಿಲ್ಲ. ಬೆನ್ನಿನ ಮ್ಯಾಲಿದ್ದದ್ದನ್ನ ಅಳಸಾಕ ಬಂದಿದ್ರು. ಏಟು ಸಾಲಾಗಿ ಅದಾವು, ಕಲ್ಲಿನ ಕೆಲಸ ಬಲ್ಲ ಕೈ ಅದು. ಆದ್ರ ಮೆತ್ತನ್ನ ಕೌದಿ ಮ್ಯಾಲ ಮಲಗಿಸಿದ್ದಕ್ಕ ಕಲ್ಲಿಗೆ ನಡಕ ಆಸರಿಲ್ದ ಎರಡಾತು. ಹೆಸರು ಕಾಯಾಕ ಹೋಗಿದ್ದ ಅದಕ ಮುಳುವಾತು."

ಅಮೀನಸಾಬ ಜನರನ್ನು ನೋಡುತ್ತಿದ್ದ. ಯುವರಾಜ ತಲೆ ತಗ್ಗಿಸಿದ್ದ.

"ಬೆನ್ನಿನ ಮ್ಯಾಲ ಏನಿತ್ತು?" ಶಾಸಕರೇ ಕೇಳಿದರು.

ಬಾಯಿ ಕೈಯಲ್ಲಿದ್ದ ಕರವಸ್ತ್ರದ ಗಂಟು ನೋಡಿದರು. ಇಷ್ಟಕ್ಕೇ ಬಿಡಬಾರದೇ ಎಂದು ಅಮೀನಸಾಬನಿಗೆ ಅನ್ನಿಸಿತು. ಆದರೆ ಫೌಜದಾರರು ಯುವರಾಜನ ತೋಳು ಬಿಟ್ಟಿರಲಿಲ್ಲ.

"ಅಧ್ಯಕ್ಷರು ಖರ್ಚು ಉಳಸಾಕ ಬಾವಿ ಹತ್ರದ ಒಗಿಯೂ ಕಲ್ಲು ಕಿತ್ತು ಕಳಿಸಿದ್ರು. ವರ್ಷಗಟ್ಟಲೆ ಅರಿವಿ ಒಗದು ಒಗದು ಮ್ಯಾಲಿನ ಬಾಜೂ ಬೆಣ್ಣಿ ಆಗಿತ್ತು. ನೆಲಕ್ಕಿದ್ದ ಬಾಜೂದಾಗ ಅಕ್ಷರ ಇದ್ವು." ಅವರು ಕರವಸ್ತ್ರ ಬಿಚ್ಚಿದರು. ಚಕ್ಕೆಗಳ ಮೇಲೆ ಕರಿ ಬಣ್ಣ ತುಂಬಿದ ಅಕ್ಷರಗಳ ತುಣುಕುಗಳಿದ್ದವು. "ಅದೂ ಒಂದ ಅಡಿಗಲ್ಲು. ಇದ ಊರಿನ ಹೆರಿಗಿ ದವಾಖಾನಿದು. ಹಿಂದಿದ್ದ ಶಾಸಕರು ಹಾಕಿದ್ದು. ದವಾಖಾನಿ ಕಟ್ಟಲಿಲ್ಲ, ಕಲ್ಲು ಬಾವಿಗೆ ಹೋತು. ಮೈಕಿನ್ಯಾಗ ಹೊಸಾ ಕಾಯ್ದೆ ಕೇಳಿದ ಮ್ಯಾಲ ಒಬ್ಬರಿಗೆ ಜೀವ ಹಾರಿತು, ಕಲ್ಲಿನ ಬೆನ್ನಿನ ಫೋಟೋ ತಗದ್ರ ಹೆಂಗ ಅಂತ."

"ನಾನ್ರಿ."

ಸಕ್ರವ್ವ ಎದ್ದಿದ್ದಳು. "ನನಗ ಓದಾಕ ಬರೂದಿಲ್ರಿ. ನನ್ನ ಮಗಳು ಸಾಲಿಗೆ ಹೋಗೂಮುಂದ ಅದನ್ನ ಓದಿ ಹೇಳಿದ್ಲು. 'ಅವ್ವಾ, ನಮ್ಮೂರಾಗ ದವಾಖಾನಿ ಆಗ್ತೈತಿ' ಅಂತ ಕುಣದಿದ್ಲು. ಆಮ್ಯಾಲ ಅದನ್ನ ಮಗುಚಿ ಹಾಕಿದ್ರು, ನಾವು ಅರಿವಿ ಒಗದ್ವಿ. ಆ ಕೌದಿ ಅಕಿ ಕೂಸಿಗೆ ಹೊಲದಿದ್ದು. ಕೂಸು ಅದರ ಮ್ಯಾಲ ಮಲಗಲಿಲ್ಲ. ಕಲ್ಲರೆ ಮಲಗಲಿ ಅಂದೆ."

ಯುವರಾಜ ಶಾಮಿಯಾನದ ಕಂಬ ಹಿಡಿದು ಅಳುತ್ತಿದ್ದ. ಅವ್ವನ ಸೀರೆಯ ಕಲ್ಲುಪುಡಿ ಕಂಡೇ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಶಾಸಕರು ಕೆಟ್ಟ ಮನುಷ್ಯನಾಗಿದ್ದರೆ ಅಮೀನಸಾಬನಿಗೆ ಸುಲಭವಾಗುತ್ತಿತ್ತು, ಬೈದು ಹಗುರಾಗುತ್ತಿದ್ದ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಆ ಹುಡುಗನ್ನ ಬಿಡ್ರಿ. ಈ ತಾಯಿ ಮ್ಯಾಲೂ ಕೇಸ್ ಬ್ಯಾಡ," ಅಂದರು. ಆಮೇಲೆ ಅಧಿಕಾರಿಯೊಬ್ಬ ಅವರ ಕಿವಿಯಲ್ಲಿ ಏನೋ ಹೇಳಿದ. ಅವರ ದನಿ ಇಳಿಯಿತು. "ಆದ್ರ ಸರಕಾರದ ಲೆಕ್ಕದಾಗ ಈ ಊರಾಗ ದವಾಖಾನಿ ಐತಿ ಅಂದಂಗಾತು. ಹೊಸಾ ಕಲ್ಲು ಹಾಕಾಕ ಬರೂದಿಲ್ಲ."

"ಹಳೇ ರೊಕ್ಕಾ ತಿಂದವರನ್ನ ಹಿಡೀರಿ," ಬಾಯಿ ಗಡಸಾಗಿ ಅಂದರು. "ಕಳ್ಳರು ಬ್ಯಾರೆ, ಶಿಕ್ಷಾ ಇವರಿಗ್ಯಾಕ?"

"ತನಿಖಿ ಮಾಡಸ್ತೇನಿ ಬಾಯಾರ. ಅದು ಮುಗಿಯೂತನಾ ಪೈಸಾ ಬಿಡಾಕ ಕಾಯ್ದೆ ಬಿಡೂದಿಲ್ಲ. ಆ ಕಾಯ್ದೆಗೆ ನಾನ ಕೈ ಎತ್ತೀನಿ."

"ಯಾವಾಗ ಮುಗೀತೈತ್ರಿ?" ಕೇಳಿದವಳು ಕಸ್ತೂರಿ. ಒಂದು ಕೈ ಹೊಟ್ಟೆಯ ಮೇಲಿತ್ತು.

ಶಾಸಕರು ಅವಳನ್ನು ನೋಡಿದರು, ಕೈಯಲ್ಲಿದ್ದ ವರದಿಯನ್ನು ನೋಡಿದರು. ಆಮೇಲೆ ಹಾಳೆ ಮಗುಚಿ ಮುಂದಿನ ವಿಷಯ ಓದತೊಡಗಿದರು. ಅದು ಬಾದಾಮಿ ಕಡೆಯ ರಸ್ತೆಯ ಮಾತು.

ಕಾರಿನ ಬಳಿ ಬಂದಾಗ ಗೌಸಸಾಬ ಹೊಸ ಕಲ್ಲನ್ನು ಮತ್ತೆ ಟೆಂಪೋಗೆ ಏರಿಸುತ್ತಿದ್ದ. ಸಕ್ರವ್ವ ಮತ್ತು ಯುವರಾಜ ಒಡೆದ ಕಲ್ಲಿನ ದೊಡ್ಡ ಹೋಳನ್ನು ಬಾವಿಯ ಕಡೆ ಹೊತ್ತು ನಡೆದಿದ್ದರು. ಜಜ್ಜಿದ ಬದಿಯ ಮೇಲೆ ಒಗೆದರೆ ಬಟ್ಟೆ ಹರಿಯುತ್ತದೆ. ಹಾಗಾಗಿ ದವಾಖಾನೆ ಎಂಬ ಹೊಸ ಅಕ್ಷರಗಳನ್ನೇ ಮೇಲೆ ಮಾಡಿ ಇಟ್ಟರು.

"ಬೇವಿನ ಗಿಡದ ಕೆಳಗ ಏನ ಕೇಳಿದ್ರಿ ಅಕಿನ?" ಅಮೀನಸಾಬ ಕೇಳಿದ.

"ಮಗ ಬೇಕೋ, ದವಾಖಾನಿ ಬೇಕೋ ಅಂತ ಕೇಳಿದೆ. ಎರಡೂ ಬೇಕ್ರಿ ಅಂದ್ಲು." ಅವನು ಹತ್ತಿದ ಮೇಲೆ ಬಾಯಿಯೂ ಕಾರು ಹತ್ತಿ ಕುಳಿತರು. "ಯಾರು ಒಡದಾರ ಅನ್ನೂದು ಬ್ಯಾಡ ಅಂತ ಅಕಿ ಮೊದಲ ಹೇಳಿದ್ಲು ನೋಡು. ನಾ ಆ ಮಾತಿಗೇ ಸಂಶೇ ಪಟ್ಟೆ."

ಅಮೀನಸಾಬ ಇಳಿದು ಹೋಗಿ ಕಸ್ತೂರಿಗೆ ತನ್ನ ಫೋನ್ ನಂಬರು ಹೇಳಿದ. "ಎಷ್ಟೊತ್ತಿನ್ಯಾಗರೆ ಇರಲಿ, ಫೋನ್ ಹಚ್ಚವಾ. ಬರ್ತೇನಿ," ಅಂದ. ಅವಳು ತಲೆ ಆಡಿಸಿದಳು. ಕಾರು ಹೊರಟಿತು. ನವನಗರದ ತನಕ ಅವನು, ಎಲ್ಲಿ ರಸ್ತೆ ಒಡೆದಿದೆ, ಎಲ್ಲಿ ಗೇರ್ ಇಳಿಸಬೇಕು, ಎಲ್ಲಿ ಬೇಗ ಓಡಿಸಬಹುದು ಎಂದು ನೋಡುತ್ತ ಬಂದ. ಎಷ್ಟು ಬೇಗ ಓಡಿಸಿದರೂ ಅದು ಭಾಗ್ಯಜ್ಯೋತಿಯನ್ನು ತಂದ ದಾರಿಯೇ ಆಗಿತ್ತು, ಆಗಿನಷ್ಟೇ ದೂರವಿತ್ತು.