ಕಲ್ಯಾಣಿಗೆ ತೆಲುಗು ಬರುತ್ತಿತ್ತು

"ಮಾತ್ರಲ ಸಂಗತಿ ಚೆಪ್ಪೊದ್ದುರಾ!"

ಕಾಫಿ ತಟ್ಟೆ ಹಿಡಿದು ಬಂದ ಕಲ್ಯಾಣಿ ಬಾಗಿಲಲ್ಲೇ ಗಕ್ಕನೆ ನಿಂತಳು.

ಹೆಣ್ಣು ನೋಡಲು ಬಂದಿದ್ದ ಅಮ್ಮಾಜಮ್ಮ ಮಗ ರಮೇಶ್‌ಬಾಬುವಿನ ಕಡೆ ಬಾಗಿ, ನಗುತ್ತಲೇ ತೆಲುಗಿನಲ್ಲಿ ಎಚ್ಚರಿಸುತ್ತಿದ್ದರು. ಮಾತ್ರೆಯ ವಿಷಯ ಹೇಳಬೇಡ. ಹೋದ ಸಲ ಫಿಟ್ಸ್ ಅಂತ ಬಾಯಿಬಿಟ್ಟೆ, ಹುಡುಗಿ ಮನೆಯವರು ಕಾಫಿಯನ್ನೂ ಕೊಡದೆ ಕಳಿಸಿಬಿಟ್ಟರು. ಈಗ ಫಿಟ್ಸ್ ಬಂದು ವರ್ಷಗಳೇ ಆದವು. ತಿಳಿಯದಿದ್ದರೆ ಅವರೂ ಸುಖವಾಗಿರುತ್ತಾರೆ, ನಾವೂ ಸುಖವಾಗಿರುತ್ತೇವೆ...

ಹುಡುಗಿಯ ಅಪ್ಪ ಅಮ್ಮ ಮಳವಳ್ಳಿಯವರು. ಮಂಡ್ಯ ಸೀಮೆಯವರಿಗೆ ತೆಲುಗು ಎಲ್ಲಿಂದ ಬರಬೇಕು ಎಂಬ ಧೈರ್ಯ ಅಮ್ಮಾಜಮ್ಮನವರದು! ಆಂಧ್ರದ ಗಡಿಯ ಈ ಗೌರಿಬಿದನೂರಿನಲ್ಲೇ ಹುಟ್ಟಿದ ಹುಡುಗಿಯಾಗಿದ್ದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಪಾಪ, ಅವರಿಗೇನು ಗೊತ್ತು? ಇಲ್ಲಿಗೆ ಟೀಚರಾಗಿ ಬರುವ ಮುಂಚೆ ಕಲ್ಯಾಣಿ ಓದಿದ್ದು ಚಿಂತಾಮಣಿಯಲ್ಲಿ. ಹಾಸ್ಟೆಲ್ ಗೆಳತಿಯರು ಜಗಳವಾಡುತ್ತಿದ್ದುದೂ ತೆಲುಗಿನಲ್ಲೇ, ರಾಜಿಯಾಗುತ್ತಿದ್ದುದೂ ತೆಲುಗಿನಲ್ಲೇ!

"ಚೆಪ್ತಾನಮ್ಮಾ..." ಹೇಳ್ತೀನಮ್ಮಾ ಎಂದು ರಮೇಶ್ ಮೆಲ್ಲಗೆ ಗೊಣಗಿದ. ಆ ದನಿಯಲ್ಲಿ ನೋವಿತ್ತು. ತಲೆಯೆತ್ತಿದವನ ಕಣ್ಣು ನೇರವಾಗಿ ಅವಳ ಕಣ್ಣಿಗೆ ಸಿಕ್ಕಿತು.

'ಹೇಳ್ತಾನೆ... ಇವನು ಖಂಡಿತ ಹೇಳ್ತಾನೆ!'

ಹಿರಿಯರು ಇಬ್ಬರನ್ನೂ ಮಾತಾಡಿಕೊಳ್ಳಲಿ ಎಂದು ಮಹಡಿಗೆ ಕಳಿಸಿದರು.

"ತೊಂಡೇಬಾವೀಲಿ ನಂದು ಸಸಿ ನರ್ಸರಿ ಇದೆ. ಟೊಮ್ಯಾಟೊ, ಮೆಣಸಿನಕಾಯಿ..." ಎಂದ ಅವನು.

"ಇನ್ನೇನಾದ್ರೂ ಹೇಳೋದಿದ್ಯಾ?"

ಅವನು ನೀರಿನ ಟ್ಯಾಂಕನ್ನೇ ನೋಡುತ್ತ ನಿಂತ.

"ಏನಿಲ್ಲ... ಅಷ್ಟೇ."

ಅಬ್ಬಾ, ಎಂಥ ನಿರಾಸೆ! ಆದರೂ ಅವಳು ಅಪ್ಪನ ಮುಂದೆ ಒಪ್ಪಿಗೆ ಎಂದಳು. ಫಿಟ್ಸ್ ಅಂದರೆ ಅವಳಿಗೆ ಹೆದರಿಕೆ ಇರಲಿಲ್ಲ. ಮುಚ್ಚಿಟ್ಟುಕೊಂಡು ಬದುಕುವ ಗಂಡ ಸಿಕ್ಕಿದರೆ ಎಂಬುದೇ ಹೆದರಿಕೆ. ನಿಶ್ಚಿತಾರ್ಥದೊಳಗೆ ಅವನೇ ಬಾಯಿಬಿಡುತ್ತಾನೆ ಎಂದು ಕಾದಳು.

ಅವನು ದಿನಾ ಸಂಜೆ ಫೋನ್ ಮಾಡುತ್ತಿದ್ದ. ಸಸಿಯ ಮಾತು, ರೈಲಿನ ಮಾತು, ನಗು... ಎಲ್ಲ ಬರುತ್ತಿತ್ತು, ಅದೊಂದು ಬಿಟ್ಟು.

"ಆರೋಗ್ಯವಾಗಿದ್ದೀರಾ?" ಎಂದು ಇವಳು ದಾರಿ ಮಾಡಿಕೊಡುತ್ತಿದ್ದಳು.

"ನನಗೇನ್ರೀ, ಗುಂಡುಕಲ್ಲು!" ಎನ್ನುತ್ತಿದ್ದ ಅವನು.

ಶಾಲೆಯಲ್ಲಿ ಜೊತೆಗಿದ್ದ ಟೀಚರ್ ರೂಪ ಎಲ್ಲ ಕೇಳಿ ನಕ್ಕಳು. "ನಿನಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ. ಆರಾಮಾಗಿದ್ದಾರೆ. ನೀನೂ ಮರೆತುಬಿಡೇ. ಗೊತ್ತಿಲ್ಲದೇ ಇರೋದ್ರಲ್ಲೇ ಸುಖ ಕಣೇ."

"ನನಗೆ ಗೊತ್ತಾಗಿಬಿಟ್ಟಿದೆಯಲ್ಲೇ! ನನ್ನ ಸುಖಕ್ಕೆ ಎಲ್ಲಿ ಹೋಗ್ಲಿ?"

ನಿಶ್ಚಿತಾರ್ಥಕ್ಕೆ ಮುಂಚಿನ ಭಾನುವಾರ ಅವನೇ ಅವಳನ್ನು ನರ್ಸರಿಗೆ ಕರೆದ. ಹಸಿರು ನೆರಳುಬಲೆಯ ಕೆಳಗೆ, ಸಸಿ ಟ್ರೇಗಳ ನಡುವೆ ಅವನು ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ಕಲ್ಯಾಣಿ, ಇದನ್ನ ಕೇಳಿ ನೀವು ಬೇಡ ಅಂದ್ರೂ ಸರಿ. ನನಗೆ ಫಿಟ್ಸ್ ಬರ್ತಿತ್ತು. ಈಗಲೂ ದಿನಾ ಮಾತ್ರೆ ತಗೋತೀನಿ. ಅಮ್ಮ ಹೇಳಬೇಡ ಅಂದ್ರು, ನಾನೂ ಹೆದರ್ಕೊಂಡು ಸುಮ್ನಾದೆ. ಇನ್ನು ಆಗಲ್ಲ... ನಿಮಗೆ ಮೋಸ ಮಾಡಿ ನಾನು ಸುಖವಾಗಿರಲಾರೆ!"

ಕಲ್ಯಾಣಿಯ ಕಣ್ಣು ತುಂಬಿ ಬಂತು. ಸಂತೋಷ ತಡೆಯಲಾಗದೆ ಅವಳ ಬಾಯಿಂದ ತೆಲುಗೇ ಬಂತು.

"ನಾಕು ತೆಲುಸು... ಅಂತಾ ತೆಲುಸು!" ನನಗೆ ಗೊತ್ತು, ಎಲ್ಲ ಗೊತ್ತು!

ರಮೇಶ್ ಬೆಪ್ಪಾಗಿ ನಿಂತ. ಆಮೇಲೆ ಅವನ ಮುಖ ನಿಧಾನವಾಗಿ ಸಪ್ಪಗಾಯಿತು.

"ಅಂದ್ರೆ... ಆವತ್ತೇ ಕೇಳಿಸ್ಕೊಂಡಿದ್ರಾ? 'ಆರೋಗ್ಯವಾಗಿದ್ದೀರಾ' ಅಂತ ದಿನಾ ಕೇಳ್ತಿದ್ದದ್ದು..."

ಅವಳು ಹೌದೆಂದು ತಲೆಯಾಡಿಸಿದಳು.

"ನನಗೆ ಪರೀಕ್ಷೆ ಇಟ್ಟಿದ್ರಾ ಟೀಚರಮ್ಮ? ಹೇಳಿದ್ರೆ ನಿಮ್ಮನ್ನ ಕಳ್ಕೊಂಡುಬಿಡ್ತೀನಿ ಅಂತ ನಾನು ಒದ್ದಾಡ್ತಿದ್ದೆ. ನೀವು ಎಲ್ಲ ಗೊತ್ತಿದ್ದೂ ನೋಡ್ತಾ ಕೂತಿದ್ರಿ!"

ಅವನು ಆ ಕಡೆ ತಿರುಗಿ ಟ್ರೇಗಳಿಗೆ ನೀರು ಹಾಕತೊಡಗಿದ. ಆಗಲೇ ನೀರುಂಡಿದ್ದ ಸಸಿಗಳಿಗೆ ಮತ್ತೆ ನೀರು!

ಕಲ್ಯಾಣಿಗೆ ಕಪಾಳಕ್ಕೆ ಬಡಿದ ಹಾಗಾಯಿತು. ಮುಚ್ಚಿಟ್ಟವನು ಅವನೊಬ್ಬನೇ ಎಂದುಕೊಂಡಿದ್ದಳು. ತಾನು ಮಾಡಿದ್ದೂ ಅದೇ ಅಲ್ಲವೇ?

"ತಪ್ಪಾಯ್ತು ರೀ," ಎಂದಳು. "ನಾನೇ ಕೇಳಿದ್ರೆ, ಸಿಕ್ಕಿಬಿದ್ದೆನಲ್ಲ ಅಂತ ವಿಧಿಯಿಲ್ಲದೆ ಹೇಳ್ತಿದ್ರಿ. ನೀವಾಗೇ ಹೇಳಲಿ ಅಂತ ಆಸೆ ಇತ್ತು. ನಿಮ್ಮ ಸಂಕಟ ನನಗೆ ಹೊಳೀಲೇ ಇಲ್ಲ."

ನೀರು ಹಾಕುವ ಕೈ ನಿಂತಿತು.

ಅಷ್ಟರಲ್ಲಿ ನರ್ಸರಿಗೆ ಅಂಟಿಕೊಂಡಿದ್ದ ತಮ್ಮ ಮನೆಯಿಂದ ಅಮ್ಮಾಜಮ್ಮ ಮಜ್ಜಿಗೆ ತಂದರು. ಇಬ್ಬರ ಮುಖ ನೋಡಿ, ಮಗನಿಗೆ ಮೆಲ್ಲಗೆ, "ಏಮಿರಾ, ಪಿಲ್ಲ ಏಡುಸ್ತೋಂದಿ?" ಎಂದರು. ಹುಡುಗಿ ಯಾಕೋ ಅಳ್ತಿದ್ದಾಳೆ?

"ಏಮೀ ಲೇದತ್ತಾ," ಏನಿಲ್ಲ ಅತ್ತೆ, ಎಂದಳು ಕಲ್ಯಾಣಿ.

ಅಮ್ಮಾಜಮ್ಮನವರ ಕೈಯ ಲೋಟ ತುಳುಕಿತು.

"ಅಯ್ಯೋ ನನ್ನಪ್ಪಾ! ತೆಲುಗು ಬರುತ್ತೇನಮ್ಮಾ ನಿಂಗೆ? ಆವತ್ತು... ಆವತ್ತು ನಾನು ಆಡಿದ್ದೆಲ್ಲಾ?!"

"ಎಲ್ಲಾ ಕೇಳಿಸ್ತು ಅತ್ತೆ. ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಅಂದಿದ್ದೂ."

ರಮೇಶ್‌ಗೆ ತಡೆಯಲಾಗದೆ ನಗು ಬಂದುಬಿಟ್ಟಿತು. ಅಮ್ಮಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಹತ್ತಿರ ಬಂದು ಅವಳ ಗಲ್ಲ ಹಿಡಿದರು. "ಗೊತ್ತಿದ್ದೂ ಒಪ್ಕೊಂಡ್ಯಾ ನನ್ನ ತಾಯಿ..." ಎಂದರು. ಲೋಟ ಅಲ್ಲೇ ಇಟ್ಟು ಒಳಗೆ ಹೋದರು.

ಕಲ್ಯಾಣಿ ರಮೇಶನ ಪಕ್ಕದಲ್ಲಿ ಬಂದು ನಿಂತಳು.

"ಒಂದು ವಿಷಯ ಗೊತ್ತಿಲ್ಲ. ಫಿಟ್ಸ್ ಬಂದ್ರೆ ನಾನೇನು ಮಾಡಬೇಕು? ಹೇಳಿಕೊಡಿ."

ಅವನು ಅವಳನ್ನೇ ನೋಡಿದ. ಈವರೆಗೆ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಮುಚ್ಚಿಡು ಎಂದವರೇ ಎಲ್ಲ.

"ಒಂದು ಮಗ್ಗುಲಿಗೆ ಮಲಗಿಸಬೇಕು," ಎಂದ ತಡವರಿಸುತ್ತ. "ಬಾಯಿಗೆ ಏನೂ ಹಾಕಬಾರದು. ಕಬ್ಬಿಣ ಗಿಬ್ಬಿಣ ಕೈಗೆ ಕೊಡಬಾರದು. ಬೇಗ ನಿಲ್ಲದೇ ಹೋದ್ರೆ ಆಸ್ಪತ್ರೆಗೆ."

"ನಿಂತ ಮೇಲೆ?"

"ನನಗೆ ಪೂರ್ತಿ ಎಚ್ಚರ ಆಗೋವರೆಗೂ... ಪಕ್ಕದಲ್ಲಿ ಇರಬೇಕು."

ಅವಳು ಅವನ ಮಣ್ಣಿನ ಕೈಯನ್ನು ಹಿಡಿದುಕೊಂಡಳು.

"ಇರ್ತೀನಿ."