ಚುಕ್ಕಿ ಮರೀಬ್ಯಾಡ್ರಿ

ದೇವರು ಒಂದೇ ಮಾತನ್ನು ಎರಡು ಊರಿಗೆ ಕೊಟ್ಟು, ಅರ್ಥವನ್ನು ಮಾತ್ರ ಬೇರೆ ಬೇರೆ ಇಟ್ಟು, ಸುಮ್ಮನೆ ನೋಡುತ್ತ ಕೂರುತ್ತಾನೆ. ಅದರಿಂದ ಎಷ್ಟು ಜಗಳ ಆದವೋ, ಎಷ್ಟು ಮದುವೆ ಆದವೋ ಅವನಿಗೇ ಗೊತ್ತು.

ಹೈಟೆಕ್ ಸಿಟಿಯ ಆ ಏಳನೇ ಮಹಡಿಯಲ್ಲಿ, ಅಕ್ಟೋಬರಿನ ಒಂದು ಶುಕ್ರವಾರ ಮುಂಜಾನೆ, ಭಾಗ್ಯಶ್ರೀಗೆ ಇದೊಂದೂ ಹೊಳೆದಿರಲಿಲ್ಲ. 

ಮೀಟಿಂಗ್ ರೂಮಿನಲ್ಲಿ ಮ್ಯಾನೇಜರ್ ಗೋಪಿನಾಥರು ದನಿ ಏರಿಸದೆ ಮಾತಾಡುತ್ತಿದ್ದರು. ಅವರು ದನಿ ಏರಿಸದಿದ್ದಾಗಲೇ ಎಲ್ಲರಿಗೂ ಭಯ. ಕಣ್ಣಿನ ಆಸ್ಪತ್ರೆಯೊಂದಕ್ಕೆ ಮಾಡಿಕೊಟ್ಟಿದ್ದ ಹಳೇ ಪ್ರಾಜೆಕ್ಟಿನಲ್ಲಿ, ರೋಗಿಗಳಿಗೆ ಕೊಡುವ ಚೀಟಿಯ ಮೇಲೆ ತಾರೀಕು ಹೋಗಿ ತಿಂಗಳಿನ ಜಾಗದಲ್ಲಿ ಕೂತಿತ್ತು. ಪುಣ್ಯಕ್ಕೆ ಟೆಸ್ಟಿಂಗಿನಲ್ಲೇ ಸಿಕ್ಕಿತು. ಸಂಜೆ ನಾಲ್ಕರೊಳಗೆ ಕಾರಣ ಏನು, ಯಾರಿಂದ ಆಯಿತು ಎಂದು ಬರೆದು ಕೊಡಬೇಕು ಎಂದರು. ಮಂಗಳವಾರ ಇದನ್ನು ಹೊಸ ಸರ್ವರ್‌ಗೆ ಸಾಗಿಸಿದವರು ಯಾರೆಂದು ಕೇಳಿದರು.

“ನಾನೇ ಸರ್,” ಎಂದ ಋಷಭ್.

ಋಷಭ್ ಕಾರ್ಕಳದವನು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಕೆಲಸ ಖಾಯಂ ಮಾಡುವ ಪತ್ರಕ್ಕೆ ಬರುವ ಸೋಮವಾರ ಗೋಪಿನಾಥರು ಸಹಿ ಹಾಕಬೇಕು. ಹಾಕದಿದ್ದರೆ ಅವನು ಅಮೀರ್‌ಪೇಟೆಯ ಹಾಸ್ಟೆಲ್ ಖಾಲಿ ಮಾಡಿ ಊರಿನ ಬಸ್ಸು ಹತ್ತುವುದೇ. ಈ ಮಾತನ್ನು ಅವನೇ ಒಮ್ಮೆ ನಗುತ್ತ ಹೇಳಿದ್ದ. ಅಂದಿನಿಂದ ಭಾಗ್ಯಶ್ರೀ ದಿನ ಎಣಿಸುತ್ತಿದ್ದಳು.

ಈಗ ಅವಳಿಗೆ ಭಯವಾದದ್ದು ಬೇರೆ ಕಾರಣಕ್ಕೆ. ಕಳೆದ ಸೋಮವಾರ ಅದೇ ಸರ್ವರ್‌ಗೆ ಕೈ ಹಾಕಿದವಳು ಅವಳು.

ಅವರ ಕೆಲಸ ಇಂಥದ್ದು. ಒಂದೇ ಸರ್ವರ್‌ನಲ್ಲಿ ಹಳೇ ಪ್ರಾಜೆಕ್ಟೂ ಬಾಳಬೇಕು, ಹೊಸದೂ ಬಾಳಬೇಕು. ಹಳೆಯದಕ್ಕೆ ಟೂಲಿನ ಹಳೇ ವರ್ಷನ್ ಬೇಕು, ಹೊಸದಕ್ಕೆ ಹೊಸದು. ಅದಕ್ಕಾಗಿ ಪ್ರತಿ ಫೋಲ್ಡರಿನ ಬಾಗಿಲಲ್ಲಿ ಒಂದು ಪುಟ್ಟ ಫೈಲ್ ಇಡುತ್ತಾರೆ. ಒಳಗೆ ಒಂದೇ ಸಾಲು, ವರ್ಷನ್ ನಂಬರು. ಯಾವ ಫೋಲ್ಡರಿಗೆ ಹೋದರೆ ಆ ನಂಬರಿನ ಟೂಲ್ ಎದ್ದು ಬರುತ್ತದೆ. ಆ ಫೈಲಿನ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ. ಹಾಗೆ ಶುರುವಾದದ್ದು ಸುಮ್ಮನೆ ನೋಡಿದರೆ ಕಣ್ಣಿಗೆ ಬೀಳುವುದಿಲ್ಲ. ಫೈಲೇ ಇಲ್ಲದಿದ್ದರೆ ಇಡೀ ಸರ್ವರ್‌ಗೆಂದು ಇಟ್ಟ ವರ್ಷನ್ ಓಡುತ್ತದೆ.

ಹೀಗೆ ಬಾಗಿಲಿಗೆ ತಕ್ಕಂತೆ ಬದಲಾಗುವುದು ಭಾಗ್ಯಶ್ರೀಗೆ ಹೊಸದೇನಲ್ಲ. ಅವಳ ಅಪ್ಪ ಸಾಬಣ್ಣ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಮಿಯಾಪುರದಲ್ಲಿ ನೆಲೆ ನಿಂತವನು. ಬೀದಿಯಲ್ಲಿ ತೆಲುಗು, ಆಫೀಸಿನಲ್ಲಿ ಹಿಂದಿ, ಇಂಗ್ಲಿಷು. ಅವ್ವ ಯಂಕಮ್ಮ ರಂಗೋಲಿ ಇಟ್ಟ ಹೊಸ್ತಿಲು ದಾಟಿದೊಡನೆ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು.

ಸೋಮವಾರ ಅವಸರದಲ್ಲಿ ಅವಳು ಹೊಸ ವರ್ಷನ್ನನ್ನು ತನ್ನ ಫೋಲ್ಡರಿಗಷ್ಟೇ ಇಡುವ ಬದಲು ಇಡೀ ಸರ್ವರ್‌ಗೆ ಇಟ್ಟಿದ್ದಳು. ಕಮಾಂಡಿನಲ್ಲಿ ಒಂದು ಪದದ ವ್ಯತ್ಯಾಸ. ಅದು ನೆನಪಾದದ್ದು ಈಗ, ಋಷಭ್ “ನಾನೇ” ಎಂದಮೇಲೆ.

ಅವಳು ಬಾಯಿ ತೆರೆಯಲಿಲ್ಲ. ಮೀಟಿಂಗ್ ಮುಗಿದುಹೋಯಿತು.

ಸೀಟಿಗೆ ಬಂದು ಕೂತಳು. ನಾಲ್ಕು ಸೀಟು ಆಚೆ ಅವನ ಬೆನ್ನು ಕಾಣುತ್ತಿತ್ತು. ಯೋಚನೆ ಹತ್ತಿದಾಗ ಅವನು ಬಲಗಿವಿಯ ಹಿಂದೆ ಪೆನ್ನು ಸಿಕ್ಕಿಸಿ ಮರೆಯುತ್ತಾನೆ, ಆಮೇಲೆ ಮೇಜೆಲ್ಲ ಹುಡುಕುತ್ತಾನೆ. ಇವತ್ತೂ ಹುಡುಕುತ್ತಿದ್ದ. ಬೇರೆ ದಿನವಾಗಿದ್ದರೆ ಅವಳು ತನ್ನ ಕಿವಿ ಮುಟ್ಟಿ ತೋರಿಸುತ್ತಿದ್ದಳು. ಅವನು ನಾಚಿ, ಕಣ್ಣಿನಲ್ಲೇ ಕೈಮುಗಿಯುತ್ತಿದ್ದ. ಇವತ್ತು ಅವಳ ಕೈ ಮೇಲೇಳಲಿಲ್ಲ.

ಅವರ ಪರಿಚಯ ಬೆಳೆದದ್ದು ಮೆಟ್ರೋದಲ್ಲಿ. ಅವಳು ಮಿಯಾಪುರದಿಂದ ಬಂದು ಅಮೀರ್‌ಪೇಟೆಯಲ್ಲಿ ರೈಲು ಬದಲಿಸುವಾಗ ಅವನು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಿದ್ದ. ಅವನು ಜೈನರ ಮನೆಯವನು, ಈರುಳ್ಳಿ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅದನ್ನು ತಿಳಿದ ಮೇಲೆ ಅವಳು ಎರಡು ರೊಟ್ಟಿ ಹೆಚ್ಚಿಗೆ ತರತೊಡಗಿದ್ದಳು. ಐದೂವರೆಗೆ ಡಬ್ಬಿ ಅವನ ಮುಂದೆ ಇಟ್ಟು, ಉಳ್ಳಾಗಡ್ಡಿ ಹಾಕಿಲ್ಲ ಎಂದು ಗೋಡೆಗೆ ಹೇಳಿದಂತೆ ಹೇಳಿ ಹೋಗುತ್ತಿದ್ದಳು. ಯಂಕಮ್ಮ ಒಂದು ದಿನವೂ ಆ ಎರಡು ರೊಟ್ಟಿ ಯಾರಿಗೆಂದು ಕೇಳಿರಲಿಲ್ಲ. ಹಿಟ್ಟನ್ನು ಮಾತ್ರ ತಾನಾಗಿ ಹೆಚ್ಚು ನಾದುತ್ತಿದ್ದಳು.

ಹನ್ನೊಂದೂವರೆಗೆ ಭಾಗ್ಯಶ್ರೀ ಅವನ ಫೋಲ್ಡರ್ ತೆರೆದು, ಅಡಗಿದ್ದೆಲ್ಲ ಕಾಣುವ ಹಾಗೆ ಕಮಾಂಡ್ ಕೊಟ್ಟಳು. ಚುಕ್ಕಿಯ ಫೈಲ್ ಇರಲಿಲ್ಲ. ಅದಕ್ಕೇ ಹಳೇ ಪ್ರಾಜೆಕ್ಟು ಅವಳು ಇಟ್ಟ ಹೊಸ ವರ್ಷನ್ನಿನಲ್ಲಿ ಓಡಿ, ತಾರೀಕು ತಿಂಗಳು ಅದಲುಬದಲಾಗಿದ್ದವು.

ಅವಳಿಗೆ ಭಯದ ಜೊತೆ ನೋವೂ ಆಯಿತು. ಮಂಗಳವಾರ ಅವನು ಫೋನ್ ಮಾಡಿ ಎಲ್ಲವನ್ನೂ ಹೇಗೆ ಕಾಪಿ ಮಾಡುವುದೆಂದು ಕೇಳಿದ್ದ. ಮೆಟ್ರೋ ಗದ್ದಲದಲ್ಲಿ ಅವಳು ಎರಡೆರಡು ಸಲ ಹೇಳಿದ್ದಳು, ಕೊನೆಗೆ ಚುಕ್ಕಿ ಮರೀಬ್ಯಾಡ್ರಿ ಎಂದು. ತನ್ನ ಮಾತು ಅವನಿಗೆ ಅಷ್ಟು ಹಗುರವೇ?

ಮಧ್ಯಾಹ್ನದವರೆಗೂ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಓಡಾಡಿದಳು. ಮೂರು ಗಂಟೆಗೆ ಕ್ಯಾಂಟೀನಿನಲ್ಲಿ ಅವನು ಒಬ್ಬನೇ ಚಹಾ ಆರಿಸಿಕೊಂಡು ಕೂತಿರುವುದನ್ನು ನೋಡಿ ಎದುರಿಗೆ ಹೋಗಿ ಕೂತಳು.

“ಮಂಗಳವಾರ ಫೋನಿನ್ಯಾಗ ನಾ ಏನಂದಿದ್ದೆ?”

“ಚುಕ್ಕಿ ಮರೀಬ್ಯಾಡ್ರಿ,” ಎಂದ, ಅವಳ ರಾಗವನ್ನೇ ಎತ್ತಿಕೊಂಡು. “ಮರೀಲಿಲ್ಲ. ಹಾಕಿದ್ದೇನೆ.”

“ಹಾಕಿದ್ರ ಆ ಫೈಲ್ ಯಾಕ ಬಂದಿಲ್ರಿ? ಹೆಂಗ ಹಾಕೀರಿ, ಬರದು ತೋರಿಸ್ರಿ.”

ಅವನು ಪೆನ್ನಿಗಾಗಿ ಜೇಬು ತಡಕಿದ. ಅವಳೇ ಕೈ ಚಾಚಿ ಅವನ ಕಿವಿಯ ಹಿಂದಿನಿಂದ ತೆಗೆದು ಕೊಟ್ಟಳು. ಬೆರಳಿಗೆ ಅವನ ಕೂದಲು ತಾಗಿತು. ಇಬ್ಬರೂ ಮೇಜಿನ ಮೇಲಿದ್ದ ಟಿಶ್ಯೂ ಕಾಗದವನ್ನೇ ನೋಡಿದರು. ಅವನು ಅದರ ಮೇಲೆ ಮೂರು ಗೆರೆ ಒಂದನ್ನೊಂದು ದಾಟುವಂತೆ ಎಳೆದು ಒಂದು ನಕ್ಷತ್ರ ಬರೆದ.

“ಇದು ಚುಕ್ಕಿ ಏನ್ರಿ?”

“ಮತ್ತೆ ಎಂತ? ಆಕಾಶದಲ್ಲಿ ಇರುದು.”

ಅವಳು ಪೆನ್ನು ಇಸಿದುಕೊಂಡು ಪಕ್ಕದಲ್ಲಿ ಒಂದು ಬಿಂದು ಇಟ್ಟಳು. “ಚುಕ್ಕಿ ಅಂದ್ರ ಇದು. ನಮ್ಮವ್ವ ದಿನಾ ಬಾಗಿಲಿಗೆ ಇಡ್ತಾಳ.”

“ಅದು ಬೊಟ್ಟು ಮಾರಾಯ್ರೆ!”

ಕಮಾಂಡಿನ ತುದಿಗೆ ಬಿಂದು ಇಟ್ಟರೆ ಅಡಗಿದ ಫೈಲೂ ಸೇರಿ ಎಲ್ಲ ಬರುತ್ತದೆ. ನಕ್ಷತ್ರ ಇಟ್ಟರೆ ಎಲ್ಲ ಬಂದು, ಅಡಗಿದ್ದು ಮಾತ್ರ ಹಿಂದೆ ಉಳಿಯುತ್ತದೆ. ನಗು ಮೊದಲು ಅವನಿಗೆ ಬಂತು. ಅವಳೂ ನಗಲು ಹೋಗಿ, ಪೆನ್ನನ್ನು ಮೇಜಿನ ಮೇಲಿಟ್ಟಳು.

“ನಂದೂ ಒಂದು ಐತ್ರಿ,” ಎಂದಳು. ಸೋಮವಾರದ್ದನ್ನು ಹೇಳಿದಳು. ಹೇಳುವಷ್ಟೂ ಹೊತ್ತು ಅವನ ಮುಖ ನೋಡಲಿಲ್ಲ.

ಅವನು ಟಿಶ್ಯೂ ಕಾಗದವನ್ನು ಮಡಿಸಿ ಜೇಬಿಗಿಟ್ಟ. ಸಾಗಿಸಿದವನದೇ ತಪ್ಪು ಎಂದು ತಾನು ಆಗಲೇ ಬರೆದಾಗಿದೆ ಎಂದ. ಅವಳ ಹೆಸರು ಬೇಕಾಗಿಲ್ಲ ಎಂದ. ಒಬ್ಬರು ಸಿಕ್ಕಿಬಿದ್ದರೆ ಸಾಕಲ್ಲ, ಇಬ್ಬರು ಯಾಕೆ ಎಂದ. ಹೀಗೆ ಹೇಳುವಾಗ ಅವನು ಅವಳನ್ನು ನೋಡಿದ ನೋಟದಲ್ಲಿ ಊರಿಗೆ ಹೊರಟವರ ಶಾಂತಿ ಇತ್ತು. ಅದನ್ನು ಕಂಡು ಅವಳು ಎದ್ದಳು.

ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಗೋಪಿನಾಥರ ಬಾಗಿಲ ಮುಂದೆ ನಿಂತು ಭಾಗ್ಯಶ್ರೀ ಮನೆದೇವರು ಮಲ್ಲಯ್ಯನನ್ನು ನೆನೆದಳು. ತಪ್ಪು ಮುಚ್ಚಿಹೋಗಲಿ ಎಂದು ಕೇಳಲಿಲ್ಲ, ದನಿ ನಡುಗದಿರಲಿ ಎಂದಷ್ಟೇ ಕೇಳಿದಳು. ಮಲ್ಲಯ್ಯ ಅರ್ಧ ನಡೆಸಿಕೊಟ್ಟ. ದನಿ ನಡುಗಿತು, ಮಾತು ಮಾತ್ರ ಪೂರಾ ಹೊರಗೆ ಬಂತು. ನಡುವೆ ಋಷಭ್ ಬಾಗಿಲು ತಳ್ಳಿಕೊಂಡು ಬಂದು, ಅವಳದಲ್ಲ ನನ್ನದೇ ಎಂದು ಶುರುಮಾಡಿದ. ಗೋಪಿನಾಥರು ಅವನನ್ನು ಕೈಸನ್ನೆಯಲ್ಲೇ ಕೂರಿಸಿದರು.

ಚುಕ್ಕಿಯ ಕಥೆಯನ್ನು ಅವರು ಎರಡು ಸಲ ಹೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

“ಒಬ್ಬರು ಬಾಗಿಲು ತೆಗೆದಿಟ್ರಿ, ಇನ್ನೊಬ್ಬರು ಕಾವಲುಗಾರನ್ನ ಹಳೇ ಮನೇಲೇ ಬಿಟ್ಟು ಬಂದ್ರಿ. ಒಂದೇ ಆಗಿದ್ರೆ ಏನೂ ಆಗ್ತಿರಲಿಲ್ಲ,” ಎಂದರು. “ಇನ್ಮೇಲೆ ಫೋನಲ್ಲಿ ಹೇಳಬೇಡಿ. ಬರೆದು ಕಳಿಸಿ.”

ಫೈಲ್ ಮರಳಿ ಬಂತು. ಇಡೀ ಸರ್ವರ್‌ಗೆ ಇಟ್ಟಿದ್ದನ್ನು ಅವಳೇ ತೆಗೆದಳು. ಚೀಟಿಯಲ್ಲಿ ತಾರೀಕು ತನ್ನ ಜಾಗಕ್ಕೆ ಹೋಗಿ ಕೂತಿತು. ಖಾಯಂ ಪತ್ರಕ್ಕೆ ಮಾತ್ರ ಸೋಮವಾರ ಸಹಿ ಬೀಳುವುದಿಲ್ಲ, ಮೂರು ತಿಂಗಳು ನೋಡೋಣ ಎಂದು ಗೋಪಿನಾಥರು ಕಡೆಯಲ್ಲಿ ಹೇಳಿದರು. ಅವಳ ಹೆಸರೂ ವರದಿಗೆ ಹೋಯಿತು.

ಮೂರು ತಿಂಗಳು. ಭಾಗ್ಯಶ್ರೀ ಅದನ್ನು ಮನಸ್ಸಿನಲ್ಲೇ ತಿರುತಿರುಗಿಸಿ ನೋಡಿದಳು. ಕಡಿಮೆ ಅನ್ನಿಸಿತು. ಮರುಕ್ಷಣವೇ ಪ್ರಸಾದದ ಹಾಗೆ ಅನ್ನಿಸಿತು.

ಐದೂ ಮುಕ್ಕಾಲಿಗೆ ಅವನು ಕ್ಯಾಂಟೀನಿನ ಕಿಟಕಿ ಪಕ್ಕ ನಿಂತಿದ್ದ. ಬೆಳಗಿನ ಗಾಬರಿಯಲ್ಲಿ ಅವಳು ಡಬ್ಬಿಯನ್ನು ಮರೆತೇಬಿಟ್ಟಿದ್ದಳು. ಸೀಟಿಗೆ ಓಡಿ ಹೋಗಿ ತಂದಳು.

“ಹೊತ್ತು ಮುಳುಗೂದರೊಳಗ ಉಣ್ರಿ. ಪುಂಡಿಪಲ್ಯ ಐತಿ. ಉಳ್ಳಾಗಡ್ಡಿ ಹಾಕಿಲ್ಲ.”

ಇವತ್ತು ಗೋಡೆಗಲ್ಲ, ಅವನಿಗೇ ಹೇಳಿದಳು. ಅವನು ಡಬ್ಬಿ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು, ತೆರೆಯದೆ ಹೇಳಿದ.

“ಮಿಯಾಪುರದಿಂದ ಇಲ್ಲಿಗೆ ನೇರ ಬಸ್ ಉಂಟಂತೆ. ಅಮೀರ್‌ಪೇಟೆ ಸುತ್ತಿ ಬರುದು ಬೇಕಾಗಿಲ್ಲವಂತೆ. ಸಾಯಿಕುಮಾರ ಹೇಳಿದ.”

ಸಾಯಿಕುಮಾರ ಋಷಭನ ಪಕ್ಕದ ಸೀಟಿನವನು, ಹುಟ್ಟಿದ್ದೇ ಮಿಯಾಪುರದಲ್ಲಿ. ಅವಳ ಕಿವಿ ಬಿಸಿಯಾಯಿತು.

“ಯಾವಾಗ ಹೇಳಿದನ್ರಿ?”

“ನಾಲ್ಕು ತಿಂಗಳಾಯ್ತು.”

“ಮತ್ತ ನೀವ್ಯಾಕ ನನ್ನ ಕೇಳಲಿಲ್ಲ?”

“ಕೇಳಿ, ನೀವು ಬಸ್ಸಿಗೆ ಹೋಗ್ಲಿಕ್ಕೆ ಶುರುಮಾಡಿದ್ರೆ?” ಅವನು ಜೇಬಿನ ಟಿಶ್ಯೂ ತೆಗೆದು ಬಿಡಿಸಿದ. ನಕ್ಷತ್ರ, ಪಕ್ಕದಲ್ಲಿ ಬಿಂದು. “ನಾನೂ ದಿನಾ ಎರಡು ರೈಲು ಬಿಡ್ತಿದ್ದೆ, ನೀವು ಬರುವವರೆಗೆ. ಈಗ ಒಂದು ಮಾತು ಹೇಳಿ. ನಿಮ್ಮ ಊರಿಗೂ ನಮ್ಮ ಊರಿಗೂ ಒಂದೇ ಅರ್ಥ ಆಗುವಂಥದ್ದು.”

ಅವಳು ಬಹಳ ಹೊತ್ತು ಹುಡುಕಿದಳು. ಕಿಟಕಿಯ ಗಾಜಿನ ಬಿಸಿಲು ಅವನ ಅಂಗಿಯ ಗುಂಡಿಯಿಂದ ಗಲ್ಲಕ್ಕೆ ಏರಿತು.

“ನೀವಂದ್ರ ನನಗ ಭಾಳ ಇಷ್ಟರಿ,” ಎಂದಳು.

“ಅರ್ಥ ಆಯ್ತು,” ಎಂದ ಅವನು. “ನಂಗೂ ಅಷ್ಟೆ.”

ಆಮೇಲೆ ಡಬ್ಬಿ ತೆರೆದು, ರೊಟ್ಟಿ ಮುರಿದು, ಮೊದಲ ತುಂಡನ್ನು ಅವಳ ಕಡೆ ಚಾಚಿದ. ಹೊತ್ತು ಇನ್ನೂ ಸ್ವಲ್ಪ ಇತ್ತು, ಇಬ್ಬರ ಊಟಕ್ಕೆ ಸಾಕಾಗುವಷ್ಟು.