ಬನತೂರಿನ ಬಾವುಟ ಹುಡುಕಿದವರು

ಬಲು ಹಿಂದೆ, ನದಿಗಳಿಗೆ ಇನ್ನೂ ಹೆಸರಿಟ್ಟು ಮುಗಿಯದ ಕಾಲದಲ್ಲಿ, ಏಳುಮಡಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ನಲವತ್ತೊಂದು ಊರು. ಒಂದೊಂದು ಊರಿಗೂ ಒಂದೊಂದು ಲಾಂಛನ. ಒಂದು ಊರಿನ ಬಾವುಟದಲ್ಲಿ ನೇಗಿಲು, ಇನ್ನೊಂದರಲ್ಲಿ ಜೋಡಿ ಮೀನು, ಮತ್ತೊಂದರಲ್ಲಿ ನವಿಲುಗರಿ. ಆ ನಾಡಿನ ಮಣ್ಣಿನ ಗುಣ ಹೀಗಿತ್ತು: ಹೆಬ್ಬಾಗಿಲ ಮೇಲೆ ಬಾವುಟ ಹಾರುವಷ್ಟು ಕಾಲ ಊರು ಊರಾಗಿರುತ್ತಿತ್ತು. ಬಾವುಟ ಹರಿದರೆ ಹೊಸದು ಹೊಲಿದು ಏರಿಸಿದರಾಯಿತು. ಆದರೆ ಲಾಂಛನವೇ ಮರೆತುಹೋದರೆ ಊರಿನ ಮೇಲೆ ಮಬ್ಬು ಇಳಿಯುತ್ತಿತ್ತು. ಮಬ್ಬಿನೊಳಗಿನ ಜನ ತಮ್ಮ ಹೆಸರನ್ನೇ ಮರೆಯುತ್ತಿದ್ದರು.

ಏಳುಮಡಿಯ ದೊರೆ ಇರುಗರಸ ಒಳ್ಳೆಯವನು, ಆದರೆ ಹೇಳಿದ್ದನ್ನೆಲ್ಲ ನಂಬುವವನು. ಅವನ ಓಲಗಕ್ಕೆ ಒಂದು ದಿನ ಮಬ್ಬಯ್ಯನೆಂಬ ಮಾಯಾವಿ ಬಂದ.

"ಮಹಾಪ್ರಭು, ನಲವತ್ತೊಂದು ಊರಿನವರು ನಲವತ್ತೊಂದು ಬಾವುಟ ಕಾಯುತ್ತ ಕೂರುವುದೇಕೆ? ಎಲ್ಲವನ್ನೂ ಅರಮನೆಗೆ ತರಿಸಿ. ಒಂದೇ ಹೊತ್ತಗೆಯಲ್ಲಿ ಬರೆದು ಭದ್ರವಾಗಿ ಇಟ್ಟುಕೊಳ್ಳುತ್ತೇನೆ" ಎಂದ.

ದೊರೆಗೆ ಮಾತು ಸರಿ ಕಂಡಿತು. ಬಾವುಟಗಳೆಲ್ಲ ಅರಮನೆಗೆ ಬಂದವು. ಮಬ್ಬಯ್ಯ ಎಲ್ಲ ಲಾಂಛನಗಳನ್ನೂ ಹೊತ್ತಗೆಯಲ್ಲಿ ಬರೆದ, ಬಾವುಟಗಳನ್ನು ಸುಟ್ಟ, ಹೊತ್ತಗೆ ಎತ್ತಿಕೊಂಡು ಬೆಟ್ಟಕ್ಕೆ ಹೋದ. ಅಲ್ಲಿ ಕುಳಿತು ಹಪ್ಪಳ ತಿಂದ ಹಾಗೆ ಒಂದೊಂದೇ ಚಿತ್ರವನ್ನು ನುಂಗತೊಡಗಿದ. ಅವನು ನುಂಗಿದ ಲಾಂಛನ ಆ ಊರಿನವರ ನೆನಪಿನಿಂದ ಅಳಿಸಿಹೋಗುತ್ತಿತ್ತು. ಊರಿನ ಮೇಲೆ ಮಬ್ಬು ಬೀಳುತ್ತಿತ್ತು. ಜನ ಹೊರಬಂದು, ಏಕೆಂದು ಕೇಳದೆ, ಅವನ ಕೋಟೆಗೆ ಕಲ್ಲು ಹೊರುತ್ತಿದ್ದರು. ಬೇರೆ ಊರಿನವರ ತಲೆಯಲ್ಲಿ ಅಷ್ಟಿಷ್ಟು ಚೂರು ನೆನಪು ಉಳಿಯುತ್ತಿತ್ತು. ಅದನ್ನು ಕೂಡಿಸುವವರು ಯಾರು ಎಂದು ಮಬ್ಬಯ್ಯ ನಕ್ಕ. ನುಂಗಿದಂತೆಲ್ಲ ಅವನ ಮೈ ಬೆಳೆಯಿತು, ಹದಿನೇಳು ನುಂಗುವಷ್ಟರಲ್ಲಿ ಹೊಟ್ಟೆ ತುಂಬಿತು. ಉಳಿದದ್ದು ಅರಗಿದ ಮೇಲೆ ಎಂದುಕೊಂಡ.

ಉಳಿದ ಇಪ್ಪತ್ತನಾಲ್ಕು ಊರುಗಳಲ್ಲಿ ಕಲ್ಕುದುರೆಯೂ ಒಂದು. ಅಲ್ಲಿ ಬಾಚಲೆ ಎಂಬ ತರುಣಿ ಬಾವುಟ ಹೊಲಿದು ಬದುಕುತ್ತಿದ್ದಳು. ಅವಳನ್ನು ಎತ್ತಿ ಆಡಿಸಿದ ಅಕ್ಕ ದೇಕವ್ವೆಯನ್ನು ಬನತೂರಿಗೆ ಕೊಟ್ಟಿತ್ತು. ಬನತೂರಿಗೆ ಮಬ್ಬು ಬಿತ್ತೆಂಬ ಸುದ್ದಿ ಬಂದ ದಿನವೇ ಬಾಚಲೆ ಹೊರಟಳು. ಎರಡು ದಿನ ನಡೆದಳು. ಮಬ್ಬಿನ ಅಂಚಿನಲ್ಲಿ ಅಕ್ಕ ತಲೆಯ ಮೇಲೆ ಕಲ್ಲು ಹೊತ್ತು ಬರುತ್ತಿದ್ದಳು.

"ಅಕ್ಕಾ, ನಾನು ಬಾಚಿ."

ದೇಕವ್ವೆ ಅವಳನ್ನು ನೋಡಿದಳು. ಕಣ್ಣಿನಲ್ಲಿ ಏನೂ ಇರಲಿಲ್ಲ.

"ಯಾರಮ್ಮ ನೀನು? ದಾರಿ ಬಿಡು, ಕಲ್ಲು ಭಾರ" ಎಂದು ಮುಂದೆ ಹೋದಳು.

ಬಾಚಲೆ ಅಲ್ಲೇ ಕುಳಿತು ಅತ್ತಳು. ಆಮೇಲೆ ಬನತೂರಿನ ಲಾಂಛನ ಏನೆಂದು ನೆನೆಯಲು ನೋಡಿದಳು. ಅಕ್ಕನ ಮದುವೆಗೆ ಆ ಊರಿಗೆ ಹೋದಾಗ ಅವಳಿಗೆ ನಾಲ್ಕು ವರ್ಷ. ಹೋಳಿಗೆ ತಿಂದದ್ದು ನೆನಪಿತ್ತು, ಬಾವುಟ ನೆನಪಿರಲಿಲ್ಲ.

ಊರಿಗೆ ಮರಳಿ, ಕಂಚುಗಾರ ಬಮ್ಮೋಜನ ಮುಂದೆ ಎಲ್ಲ ಹೇಳಿಕೊಂಡಳು. ಬಮ್ಮೋಜನ ಅಂಗಳದಲ್ಲಿ ಒಡೆದ ದೊಡ್ಡ ಗಂಟೆಯೊಂದು ಬಿದ್ದಿತ್ತು. ಹಿಂದೆ ಅದನ್ನು ಹೊಡೆದರೆ ನಲವತ್ತೊಂದು ಊರಿಗೂ ಕೇಳುತ್ತಿತ್ತಂತೆ.

"ಇದು ಒಡೆದರೂ ಇದರ ಗುಣ ಹೋಗಿಲ್ಲ ಮಗಳೆ" ಎಂದ ಬಮ್ಮೋಜ. "ಇದನ್ನು ಕರಗಿಸಿ ಊರಿಗೊಂದು ಹರಿವಾಣ ಎರೆಯುತ್ತೇನೆ. ಹೊತ್ತು ನೆತ್ತಿಗೆ ಬಂದಾಗ ನೀರು ತುಂಬಿಟ್ಟು ನೋಡಿದರೆ, ಉಳಿದ ಹರಿವಾಣ ನೋಡುತ್ತಿರುವವರು ಕಾಣುತ್ತಾರೆ, ಅವರ ಮಾತೂ ಕೇಳುತ್ತದೆ."

"ಇದಕ್ಕೆ ನಾನೇನು ಕೊಡಲಿ ಮಾವ?"

"ನನ್ನ ತಾಯಿಯ ತವರೂ ಮಬ್ಬಿನಲ್ಲಿದೆ. ನೀನು ತಿದಿ ಒತ್ತು, ಸಾಕು."

ಇಪ್ಪತ್ತನಾಲ್ಕು ಹರಿವಾಣ ಆದವು. ಉಪ್ಪಿನ ಹೇರಿನವರು ಅವನ್ನು ಇಪ್ಪತ್ತನಾಲ್ಕು ಊರಿಗೆ ಮುಟ್ಟಿಸಿದರು. ಮೊದಲ ದಿನ ಬಾಚಲೆ ನೀರು ತುಂಬಿ ಬಗ್ಗಿ ನೋಡಿದಾಗ ಮೂರು ಮುಖ ಕಂಡವು. ಒಬ್ಬಳು ಕಬ್ಬೆ ನದಿಯ ದೋಣಿ ನಡೆಸುವ ಚಾಗಲೆ. ಒಬ್ಬ ಮುಪ್ಪಿನ ಯೋಧ ಮಾಚಯ್ಯ. ಇನ್ನೊಬ್ಬಳು ಬಸದಿಯಲ್ಲಿ ಓಲೆಗರಿ ಪ್ರತಿ ಮಾಡುವ ಪದುಮಬ್ಬೆ, ಎಂಬತ್ತು ದಾಟಿದ ಮುದುಕಿ. ಯಾರೂ ಯಾರನ್ನೂ ಅದಕ್ಕೆ ಮೊದಲು ಕಂಡವರಲ್ಲ.

"ನಮಗೆ ಗೊತ್ತಿರುವುದನ್ನೆಲ್ಲ ಕೂಡಿಸೋಣ. ಒಂದೊಂದೇ ಊರನ್ನು ಬರೆಯೋಣ" ಎಂದಳು ಬಾಚಲೆ.

"ಬರೆಯೋಣ" ಎಂದಳು ಪದುಮಬ್ಬೆ. "ಆದರೆ ಒಂದು ಮಾತು. ತಪ್ಪು ಲಾಂಛನ ಏರಿಸಿದ ಊರು ಎಂದೆಂದಿಗೂ ಮಬ್ಬಯ್ಯನದೇ ಆಗುತ್ತದೆ, ಮತ್ತೆ ಏಳುವುದಿಲ್ಲ. ಆದ್ದರಿಂದ ಯಾರು ಏನು ಹೇಳಿದರೂ ನಾನು ಕೇಳುತ್ತೇನೆ, ಕಂಡದ್ದೋ ಕೇಳಿದ್ದೋ ಎಂದು. ಬೇಸರ ಮಾಡಿಕೊಳ್ಳಬಾರದು."

ಮೊದಲು ನೀರ್ಮಡುವಿನ ಸರದಿ. ಅದರ ಲಾಂಛನ ಕೊಕ್ಕರೆ ಎಂದು ಎಲ್ಲರೂ ಒಪ್ಪಿದರು. ಕೊಕ್ಕರೆ ಎತ್ತ ನೋಡುತ್ತಿತ್ತು ಎಂಬಲ್ಲಿ ಜಗಳ ಹತ್ತಿತು.

"ಎಡಕ್ಕೆ" ಎಂದಳು ಚಾಗಲೆ.

"ಬಲಕ್ಕೆ. ಹತ್ತು ವರ್ಷ ಆ ಬಾಗಿಲು ಕಾದವನು ನಾನು" ಎಂದ ಮಾಚಯ್ಯ.

"ನಾನೇನು ಕುರುಡಿಯೇ? ದಿನಕ್ಕೆರಡು ಸಲ ನದಿಯಿಂದ ನೋಡುತ್ತಿದ್ದೆ."

"ಕಂಡದ್ದೋ ಕೇಳಿದ್ದೋ?" ಎಂದಳು ಪದುಮಬ್ಬೆ. ಇಬ್ಬರೂ ಕಂಡದ್ದು ಎಂದರು. ಮೂರು ದಿನ ಮಾತು ಬಿಟ್ಟರು. ಮೂರು ಮಧ್ಯಾಹ್ನ ಹರಿವಾಣದಲ್ಲಿ ಬರೀ ಸಿಟ್ಟಿನ ಮುಖಗಳು. ನಾಲ್ಕನೆಯ ದಿನ ಬಾಚಲೆ ಕೈಯಲ್ಲಿದ್ದ ಬಟ್ಟೆ ಎತ್ತಿ ಬಿಸಿಲಿಗೆ ಹಿಡಿದಳು. ಹೊಲಿಗೆ ಎರಡೂ ಕಡೆ ಕಂಡಿತು.

"ಮಾಚಜ್ಜ, ನೀವು ನೋಡುತ್ತಿದ್ದದ್ದು ಊರ ಒಳಗಿನಿಂದ. ಚಾಗಲಕ್ಕ ನೋಡಿದ್ದು ಹೊರಗಿನಿಂದ. ಎಡಬಲ ಬಿಡಿ. ಕೊಕ್ಕರೆ ಕೋಲಿನ ಕಡೆಗೆ ನೋಡುತ್ತಿತ್ತೋ, ಬಟ್ಟೆಯ ತುದಿಯ ಕಡೆಗೋ?"

"ಕೋಲಿನ ಕಡೆಗೆ" ಎಂದರು ಇಬ್ಬರೂ ಒಟ್ಟಿಗೆ. ಆಮೇಲೆ ಚಾಗಲೆ ನಕ್ಕಳು, ಮಾಚಯ್ಯ ಮೀಸೆ ತಿರುವಿಕೊಂಡ.

ಬಾಚಲೆ ಬಾವುಟ ಹೊಲಿದಳು. ಮಾಚಯ್ಯ ಒಯ್ದು ಏರಿಸಿದ. ನೀರ್ಮಡುವಿನ ಮಬ್ಬು ಹರಿಯಿತು. ಬೆಟ್ಟದ ಮೇಲೆ ಮಬ್ಬಯ್ಯನ ಹೊಟ್ಟೆಯೊಳಗಿಂದ ಕೊಕ್ಕರೆಯೊಂದು ಬಾಯಿಗೆ ಬಂದು ಹಾರಿಹೋಯಿತು. ಅವನು ಒಂದು ಗೇಣು ಕುಗ್ಗಿದ, ಹೊಟ್ಟೆಯೂ ಕುಗ್ಗಿ ಹೊಸದು ನುಂಗಲು ಜಾಗವಾಗಲಿಲ್ಲ.

ಸುದ್ದಿ ಹಬ್ಬಿತು. ಮಧ್ಯಾಹ್ನವಾದರೆ ಇಪ್ಪತ್ತನಾಲ್ಕು ಹರಿವಾಣಗಳಲ್ಲೂ ಮುಖಗಳು ತುಂಬಿದವು. ಬಳೆಗಾರರು, ಮಡಿವಾಳರು, ಕುರಿಗಾರರು ಬಂದು ತಮಗೆ ಗೊತ್ತಿದ್ದಷ್ಟು ಹೇಳಿದರು. ಪದುಮಬ್ಬೆ ಓಲೆಗರಿಯಲ್ಲಿ ಕೊರೆದಳು. ಅವಳು ಕೊರೆದದ್ದನ್ನು ಪ್ರತಿ ಊರಿನವರೂ ತಮ್ಮಲ್ಲೇ ಬರೆದಿಟ್ಟುಕೊಳ್ಳಬೇಕು ಎಂಬುದು ಅವಳ ಹಟ.

ಮಬ್ಬಯ್ಯನಿಗೆ ಕಸಿವಿಸಿಯಾಯಿತು. ಮಬ್ಬಿನಿಂದ ಒಂದು ಹುಲಿ ಮಾಡಿ ಕಳಿಸಿದ. ಬರೆದದ್ದನ್ನೆಲ್ಲ ತಿನ್ನುವುದು ಅದರ ಕೆಲಸ. ಹುಲಿ ಬಸದಿಗೆ ನುಗ್ಗಿ ಪದುಮಬ್ಬೆಯ ಓಲೆಗರಿಗಳನ್ನೆಲ್ಲ ತಿಂದಿತು. ಮುದುಕಿ ಮೂಲೆಯಲ್ಲಿ ಕುಳಿತು ನೋಡಿದಳು. ಮಧ್ಯಾಹ್ನ ಹರಿವಾಣದ ಮುಂದೆ ಬಂದು ಹೇಳಿದಳು:

"ನನ್ನದೆಲ್ಲ ಹೋಯಿತು ಮಕ್ಕಳೇ. ಯಾರಲ್ಲಿ ಏನಿದೆ, ಓದಿ."

ಅವರು ಓದಿದರು, ಅವಳು ಮತ್ತೆ ಬರೆದಳು. ಅಷ್ಟರಲ್ಲಿ ಹುಲಿ ಕಲ್ಕುದುರೆಗೆ ಓಡಿ ಬಾಚಲೆಯ ಪ್ರತಿ ತಿಂದಿತು. ಬಸದಿಯಲ್ಲಿ ಹೊಸ ಪ್ರತಿ ಆಗಿದೆಯೆಂದು ವಾಸನೆ ಹಿಡಿದು ಅಲ್ಲಿಗೆ ಓಡಿತು. ಅದು ಅಲ್ಲಿ ತಿನ್ನುವಾಗ ಕಲ್ಕುದುರೆಯಲ್ಲಿ ಬರೆದಾಗಿತ್ತು. ಹೀಗೆ ಆ ಊರಿಗೆ ಈ ಊರಿಗೆ ಓಡಿ ಓಡಿ ಇಪ್ಪತ್ತು ದಿನಕ್ಕೆ ಹುಲಿ ಬಡಕಲಾಯಿತು. ಕಬ್ಬೆ ನದಿಯ ದಡದಲ್ಲಿ ಚಾಗಲೆಯ ಕಾಲ ಬಳಿ ಬಿದ್ದು, "ತಾಯಿ, ನೀರು ಕೊಡು" ಎಂದಿತು. ಚಾಗಲೆ ಬೊಗಸೆಯಲ್ಲಿ ನೀರು ಕುಡಿಸಿದಳು. ಮೈಮೇಲಿನ ಮಬ್ಬು ಇಳಿದು, ಅರಮನೆಯಿಂದ ಕಾಣೆಯಾಗಿದ್ದ ಬೇಟೆನಾಯಿ ಎದ್ದು ನಿಂತು ಬಾಲ ಅಲ್ಲಾಡಿಸಿತು.

ಎರಡು ಮಳೆಗಾಲ ಕಳೆದವು. ಹದಿನಾರು ಊರುಗಳು ಮಬ್ಬಿನಿಂದ ಹೊರಬಂದವು. ಬನತೂರು ಒಂದೇ ಉಳಿಯಿತು. ಅದು ಮೂಲೆಯ ಊರು, ಅದರ ಬಾವುಟ ಕಂಡವರೇ ಸಿಗಲಿಲ್ಲ. ಬಾಚಲೆ ಊಟ ಬಿಟ್ಟು ಸಣ್ಣಗಾದಳು.

ಆಗ ಒಂದು ಮಧ್ಯಾಹ್ನ ಹರಿವಾಣದಲ್ಲಿ ಹೊಸ ಮುಖ ಕಂಡಿತು. ಬಿಳಿ ಗಡ್ಡ, ಮೃದು ಮಾತು.

"ನಾನು ಕುರಿಗಾರ ಜಕ್ಕಯ್ಯ. ಬನತೂರಿನ ಬಾವುಟ ನನಗೆ ಗೊತ್ತು ತಾಯಿ. ಕಪ್ಪು ಬಟ್ಟೆ, ಬಾಯಿ ತೆರೆದ ಹುಲಿ."

ಬಾಚಲೆ ಆಗಲೇ ಕಪ್ಪು ಬಟ್ಟೆ ಎಳೆದುಕೊಂಡಿದ್ದಳು.

"ಕಂಡದ್ದೋ ಕೇಳಿದ್ದೋ?" ಎಂದಳು ಪದುಮಬ್ಬೆ.

"ಕಣ್ಣಾರೆ ಕಂಡದ್ದು, ಅಜ್ಜಿ."

"ಅಜ್ಜಿ, ಇನ್ನೆಷ್ಟು ಕೇಳುತ್ತೀರಿ?" ಎಂದಳು ಬಾಚಲೆ. "ಎರಡು ವರ್ಷದಿಂದ ನನ್ನಕ್ಕ ಕಲ್ಲು ಹೊರುತ್ತಿದ್ದಾಳೆ."

"ಇನ್ನೊಂದೇ ಮಾತು ಮಗಳೆ. ಅದನ್ನೂ ನೀನೇ ಕೇಳು."

ಬಾಚಲೆ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು: "ಹುಲಿಯ ಮುಖ ಕೋಲಿನ ಕಡೆಗೋ, ತುದಿಯ ಕಡೆಗೋ?"

"ಎಡಕ್ಕೆ. ಹೊರಗಿನಿಂದ ನೋಡಿದರೂ ಎಡಕ್ಕೆ, ಒಳಗಿನಿಂದ ನೋಡಿದರೂ ಎಡಕ್ಕೆ."

ಬಾಚಲೆಯ ಕೈ ನಿಂತಿತು. ಕಪ್ಪು ಬಟ್ಟೆಯನ್ನು ತಿರುವಿ ಎರಡೂ ಬದಿ ನೋಡಿದಳು.

"ಎರಡು ಬಟ್ಟೆ ಬೆನ್ನಿಗೆ ಬೆನ್ನು ಹೊಲಿದರೆ ಮಾತ್ರ ಹಾಗೆ ಕಾಣುತ್ತದೆ" ಎಂದಳು ಕೊನೆಗೆ. "ಅಷ್ಟು ಭಾರದ ಬಾವುಟ ಗಾಳಿಗೆ ಏಳುವುದಿಲ್ಲ. ನೀವು ಅದನ್ನು ಕಂಡಿಲ್ಲ."

ಗಡ್ಡದ ಮುಖ ಕದಡಿತು. ಹರಿವಾಣಗಳಲ್ಲೆಲ್ಲ ಮಬ್ಬಯ್ಯನ ಕಣ್ಣು ಒಂದು ಗಳಿಗೆ ಉರಿದು ಮಾಯವಾಯಿತು. ಬಾಚಲೆ ಸೂಜಿ ಕೆಳಗಿಟ್ಟು ಮುಖ ಮುಚ್ಚಿಕೊಂಡಳು. ಯಾರೂ ಅವಳನ್ನು ಬೈಯಲಿಲ್ಲ.

ಚಾಗಲೆ ನಿಧಾನವಾಗಿ ಹೇಳಿದಳು: "ಬಾಚಿ, ಬಾವುಟ ಕಂಡವರಿಲ್ಲ, ನಿಜ. ಆದರೆ ಬನತೂರಿನ ಕುಂಬಾರರು ಕಾಳು ತುಂಬುವ ವಾಡೆ ಮಾಡುತ್ತಿದ್ದರು. ನನ್ನ ದೋಣಿಯಲ್ಲಿ ಎಷ್ಟೋ ದಾಟಿಸಿದ್ದೇನೆ. ವಾಡೆಯ ತಳದಲ್ಲಿ ಊರಿನ ಮುದ್ರೆ ಒತ್ತುತ್ತಿದ್ದರು."

ಇಪ್ಪತ್ತನಾಲ್ಕು ಊರಿನವರೂ ಹಿತ್ತಿಲು, ತಿಪ್ಪೆ, ಹಾಳು ಗೋಡೆ ಹುಡುಕಿದರು. ಇಡೀ ವಾಡೆ ಎಲ್ಲೂ ಸಿಗಲಿಲ್ಲ. ಒಡೆದ ಬೋಕಿಗಳು ಸಿಕ್ಕವು. ಒಂದು ಊರಿನ ಬೋಕಿಯಲ್ಲಿ ಬಾಲ, ಒಂದರಲ್ಲಿ ಉಗುರು, ಒಂದರಲ್ಲಿ ಚೂಪು ಮೂತಿ. ಒಬ್ಬೊಬ್ಬರೂ ತಮ್ಮ ಚೂರನ್ನು ಹರಿವಾಣದ ಮುಂದೆ ಹಿಡಿದರು. ಬಾಚಲೆ ಒಂದರ ಪಕ್ಕ ಒಂದು ಬರೆದಳು.

"ಮೂತಿ ನೋಡಿದರೆ ಹಂದಿ" ಎಂದ ಬಮ್ಮೋಜ.

"ಮೈಮೇಲೆ ಹುರುಪೆ ಇದೆ. ಮೊಸಳೆ" ಎಂದ ಮಾಚಯ್ಯ.

ಅದುವರೆಗೆ ಬಾಯಿ ಬಿಡದೆ ಕೂತಿದ್ದ ಬೊಮ್ಮಿ ಎಂಬ ಜೇನು ಕೀಳುವ ಹೆಂಗಸು, "ಅದು ಚಿಪ್ಪುಹಂದಿ. ನಮ್ಮ ಗುಡ್ಡದಲ್ಲಿ ಗೆದ್ದಲು ತಿನ್ನಲು ಬರುತ್ತದೆ" ಎಂದಳು.

"ಕಂಡದ್ದೋ?"

"ಮೊನ್ನೆ ಕೂಡ ಕಂಡೆ, ಅಜ್ಜಿ."

ಚಿತ್ರ ಪೂರ್ತಿಯಾಯಿತು. ಆದರೆ ಮಣ್ಣಿನ ಬೋಕಿಗೆ ಬಣ್ಣವಿರಲಿಲ್ಲ. "ಬಣ್ಣ ತಿಳಿಯದು ಎಂದೇ ಬರೆಯುತ್ತೇನೆ" ಎಂದಳು ಪದುಮಬ್ಬೆ. "ತಿಳಿಯದ್ದನ್ನು ತಿಳಿಯದು ಎನ್ನುವುದು ತಪ್ಪಲ್ಲ."

ಬಾಚಲೆ ಬಣ್ಣವಿಲ್ಲದ ಬಟ್ಟೆಯ ಮೇಲೆ ಬಣ್ಣವಿಲ್ಲದ ದಾರದಿಂದ ಚಿಪ್ಪುಹಂದಿ ಹೊಲಿದಳು. ಉಳಿದ ಊರಿನವರು ಅವಳ ಸೂಜಿ ನೋಡುತ್ತ ತಾವೂ ಹೊಲಿದರು. ಸೂಜಿ ಹಿಡಿಯದ ಮಾಚಯ್ಯನೂ ಒಂದು ಹೊಲಿದ. ಅವನ ಚಿಪ್ಪುಹಂದಿಗೆ ಕಾಲು ತುಸು ಉದ್ದವಾಯಿತು, ಪದುಮಬ್ಬೆ ಬಿಚ್ಚಿಸಿ ಮತ್ತೆ ಹೊಲಿಸಿದಳು.

ಗೊತ್ತು ಮಾಡಿದ ದಿನ ಬಾಚಲೆ ಬನತೂರಿನ ಮಬ್ಬಿನೊಳಗೆ ನಡೆದಳು. ತನ್ನ ಕೈಯೇ ತನಗೆ ಕಾಣಲಿಲ್ಲ. ಗೋಡೆ ತಡವುತ್ತ ಹೆಬ್ಬಾಗಿಲು ಹತ್ತಿದಳು. ಅಲ್ಲಿ ಮಬ್ಬಯ್ಯ ಕಾದಿದ್ದ. ಹದಿನಾರು ಲಾಂಛನ ಕಳೆದುಕೊಂಡು ಮೊಣಕಾಲೆತ್ತರಕ್ಕೆ ಇಳಿದಿದ್ದರೂ ಕೈಯಲ್ಲಿ ಬಲವಿತ್ತು. ಬಾವುಟ ಕಿತ್ತುಕೊಂಡು ಚಿಂದಿ ಮಾಡಿದ.

"ಇನ್ನೊಂದು ಹೊಲಿ, ಅದನ್ನೂ ಹರಿಯುತ್ತೇನೆ" ಎಂದ.

"ಹರಿ" ಎಂದಳು ಬಾಚಲೆ. "ಹೊತ್ತು ಈಗ ನೆತ್ತಿಗೆ ಬಂದಿದೆ. ನನ್ನ ಹೊರತು ಇಪ್ಪತ್ತಮೂರು ಊರಿನವರು ಬನತೂರಿನ ಬಾವುಟ ಏರಿಸುತ್ತಿದ್ದಾರೆ. ಯಾವ ಹೆಬ್ಬಾಗಿಲ ಮೇಲೆ ಹಾರಿದರೂ ಲಾಂಛನ ನೆನಪಾದಂತೆಯೇ. ಎಲ್ಲಿಂದ ಶುರು ಮಾಡುತ್ತೀಯೆ?"

ಮಬ್ಬಯ್ಯ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದ. ಬಿಕ್ಕಳಿಸಿದ. ಅವನ ಬಾಯಿಂದ ಚಿಪ್ಪುಹಂದಿ ತೆವಳಿ ಬಂದು ಹೆಬ್ಬಾಗಿಲ ಕಲ್ಲಿನ ಮೇಲೆ ಅಂಟಿ ಕುಳಿತಿತು. ಮಬ್ಬಯ್ಯ ಕುಗ್ಗಿದ, ಕುಗ್ಗಿದ, ಒಂದು ಹಿಡಿ ಮಂಜಾದ. ಮಧ್ಯಾಹ್ನದ ಬಿಸಿಲಿಗೆ ಅದೂ ಆರಿತು.

ಸುದ್ದಿ ಮುಟ್ಟಿದ ಮೇಲೆ ಇರುಗರಸ ತಾನೇ ಕುದುರೆಯೇರಿ ಬಂದ. "ತಪ್ಪು ನನ್ನದು" ಎಂದು ಜನರ ಮುಂದೆ ಒಪ್ಪಿಕೊಂಡ. "ಬಾಚಲೆ, ಎಲ್ಲ ಲಾಂಛನಗಳ ಹೊತ್ತಗೆ ಇನ್ನು ಮೇಲೆ ಅರಮನೆಯಲ್ಲಿ ನಿನ್ನ ಕೈಯಲ್ಲಿರಲಿ" ಎಂದ.

"ಬೇಡ ಒಡೆಯಾ" ಎಂದಳು ಬಾಚಲೆ. "ಒಬ್ಬರ ಕೈಯಲ್ಲಿ ಇಟ್ಟದ್ದಕ್ಕೇ ಇಷ್ಟೆಲ್ಲ ಆಯಿತು. ಇದು ಎಲ್ಲ ಊರಲ್ಲೂ ಇರಲಿ. ನಿಮ್ಮಲ್ಲೂ ಒಂದು ಪ್ರತಿ ಇರಲಿ."

ದೊರೆ ತಲೆಬಾಗಿ ಒಂದು ಪ್ರತಿ ಇಸಿದುಕೊಂಡ.

ದೊರೆ ಬರುವ ಮುಂಚೆಯೇ, ಮಬ್ಬಯ್ಯ ಆರಿದ ಮಧ್ಯಾಹ್ನವೇ, ಮಬ್ಬು ಹರಿದ ಬೀದಿಗಳಲ್ಲಿ ಜನ ಕಣ್ಣು ಉಜ್ಜಿಕೊಳ್ಳುತ್ತ, ಒಬ್ಬರ ಹೆಸರು ಒಬ್ಬರು ಕೂಗುತ್ತ ಹೊರಬಂದರು. ದೇಕವ್ವೆ ತಲೆಯ ಕಲ್ಲು ಇಳಿಸಿ ಹೆಬ್ಬಾಗಿಲಿಗೆ ಬಂದಳು. ಬಾಚಲೆ ಹರಿದ ಬಾವುಟದ ಚೂರುಗಳನ್ನು ಮಡಿಲಲ್ಲಿ ಹಾಕಿಕೊಂಡು ಜೋಡಿಸುತ್ತಿದ್ದಳು. ಮಾತಾಡಿಸಲು ಅವಳಿಗೆ ಹೆದರಿಕೆ.

ದೇಕವ್ವೆ ಚೂರೊಂದನ್ನು ಎತ್ತಿ ನೋಡಿದಳು. ಹುಬ್ಬು ಗಂಟಿಕ್ಕಿದಳು.

"ಇದೇನೇ ಬಾಚಿ, ಬಣ್ಣವೇ ಹಾಕಿಲ್ಲ? ನಮ್ಮ ಬಾವುಟದ ನೆಲ ಅರಿಶಿನ, ಚಿಪ್ಪುಹಂದಿ ಕೆಂಪು. ಅಷ್ಟೂ ಗೊತ್ತಿಲ್ಲವೇ ನಿನಗೆ?"

ಬಾಚಲೆ ಅಕ್ಕನ ಕೊರಳಿಗೆ ಬಿದ್ದಳು. ಸುತ್ತ ನಿಂತವರು ಆಗಲೇ ಶುರು ಮಾಡಿದ್ದರು. ಕೆಂಪಲ್ಲ, ಕಾವಿ ಎಂದ ಒಬ್ಬ. ನಮ್ಮಜ್ಜಿಯ ಕಾಲದಿಂದ ಕೆಂಪೇ ಎಂದಳು ಇನ್ನೊಬ್ಬಳು. ಅಕ್ಕತಂಗಿಯರು ಕಣ್ಣೊರೆಸಿಕೊಂಡು, ಒಬ್ಬೊಬ್ಬರನ್ನೇ ಕೂರಿಸಿ, ಕಂಡದ್ದನ್ನು ಕೇಳಿ ಬರೆದುಕೊಂಡರು. ಸಂಜೆಯೊಳಗೆ ಬಣ್ಣದ ಕೊಪ್ಪರಿಗೆ ಒಲೆ ಏರಿತು. ಹೀಗೆ ಬನತೂರಿಗೆ ಬಾವುಟ ಬಂತು, ನಲವತ್ತೊಂದು ಊರಿಗೂ ನೆಮ್ಮದಿ ಬಂತು. ಏಳುಮಡಿಯವರು ಉಂಡು ಉಟ್ಟು, ತಮ್ಮೂರಿನದನ್ನೂ ಪಕ್ಕದೂರಿನದನ್ನೂ ನೆನಪಿಟ್ಟುಕೊಂಡು, ಮಕ್ಕಳು ಮೊಮ್ಮಕ್ಕಳೊಂದಿಗೆ ಬಹುಕಾಲ ತಂಪಾಗಿ ಬಾಳಿದರು.